ಆಕ್ಟೋಪಸ್ ಕರುಳಿನ ಬಿಳಿ ಚುಕ್ಕೆ: ಅಗ್ರಿಗೇಟಾವನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸುವ ಬಗೆ

ಸ್ಪೇನಿನ ವಾಯವ್ಯ ಮೂಲೆಯ ಗಲೀಸಿಯಾದಲ್ಲಿ ಆಕ್ಟೋಪಸ್ ಎಂದರೆ ಜಾತ್ರೆಯೂಟ. ಬೇಯಿಸಿ, ಕತ್ತರಿಸಿ, ಉಪ್ಪು, ಕೆಂಪುಮೆಣಸಿನ ಪುಡಿ, ಆಲಿವ್ ಎಣ್ಣೆ ಹಾಕಿ ಮರದ ತಟ್ಟೆಯಲ್ಲಿ ಬಡಿಸುತ್ತಾರೆ. ತಟ್ಟೆಗೆ ಬರುವುದು ತೋಳುಗಳು. ಹೊಟ್ಟೆಯೊಳಗಿನದೆಲ್ಲ ಕಸದ ಬುಟ್ಟಿಗೆ. ಆ ಬುಟ್ಟಿಯಿಂದ ಕರುಳನ್ನು ಎತ್ತಿ ನೀರಿನಲ್ಲಿ ಬಿಡಿಸಿ ನೋಡಿದರೆ ಗೋಡೆಯ ತುಂಬ ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕೆಗಳು ಸಿಗುವುದು ಅಲ್ಲಿ ಅಪರೂಪವೇ ಅಲ್ಲ. ಒಂದೊಂದು ಚುಕ್ಕೆಯೂ ಅಗ್ರಿಗೇಟಾ ಆಕ್ಟೋಪಿಯಾನಾ ಎಂಬ ಏಕಕೋಶ ಪರಾವಲಂಬಿಯ ಸಾವಿರಾರು ಮರಿಕೋಶಗಳನ್ನು ತುಂಬಿಕೊಂಡ ಚೀಲ. ಮನುಷ್ಯರಿಗೆ ಇದು ಅಂಟುವುದಿಲ್ಲ, ತಿನ್ನುವವರು ಹೆದರಬೇಕಿಲ್ಲ. ಆಕ್ಟೋಪಸ್‌ಗೆ ಮಾತ್ರ ಇದು ತಿಂದದ್ದು ಮೈಗೆ ಹತ್ತದ ಹಾಗೆ ಮಾಡುವ ರೋಗ.

ಅಗ್ರಿಗೇಟಾ ಸೇರಿರುವುದು ಅಪಿಕಾಂಪ್ಲೆಕ್ಸಾ ಎಂಬ ದೊಡ್ಡ ಬಳಗಕ್ಕೆ. ಮಲೇರಿಯಾ ತರುವ ಪ್ಲಾಸ್ಮೋಡಿಯಂ, ಬೆಕ್ಕಿನಿಂದ ಹರಡುವ ಟಾಕ್ಸೋಪ್ಲಾಸ್ಮಾ, ಕೋಳಿ ಸಾಕುವವರೆಲ್ಲ ಬಲ್ಲ ಕಾಕ್ಸಿಡಿಯೋಸಿಸ್ ರೋಗದ ಐಮೀರಿಯಾ ಎಲ್ಲವೂ ಇದರ ದಾಯಾದಿಗಳು. ಕೋಶದ ಮುಂತುದಿಯಲ್ಲಿ ಆತಿಥೇಯದ, ಅಂದರೆ ಪರಾವಲಂಬಿ ಮನೆ ಮಾಡಿಕೊಳ್ಳುವ ಪ್ರಾಣಿಯ, ಕೋಶದೊಳಕ್ಕೆ ನುಗ್ಗಲು ಬೇಕಾದ ಸಲಕರಣೆಗಳ ಗುಚ್ಛ ಇರುವುದೇ ಈ ಬಳಗದ ಗುರುತು. ಆದರೆ ಆ ಗುಚ್ಛ ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಎಟಕುವುದಿಲ್ಲ, ಅದಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. ಹಾಗಾಗಿ ದಿನನಿತ್ಯದ ಕೆಲಸದಲ್ಲಿ ಪರಾವಲಂಬಿಯನ್ನು ಗುರುತಿಸುವುದು ಬೇರೆ ಲಕ್ಷಣಗಳಿಂದ.

ಜೀವನಚಕ್ರಕ್ಕೆ ಎರಡು ಆತಿಥೇಯಗಳು ಬೇಕು. ಏಡಿ, ಸಿಗಡಿಯಂಥ ಚಿಪ್ಪುಜೀವಿಯ ಕರುಳಿನಲ್ಲಿ ಪರಾವಲಂಬಿ ಲಿಂಗವಿಲ್ಲದೆ, ಬರಿಯ ವಿಭಜನೆಯಿಂದ ಹೆಚ್ಚುತ್ತದೆ. ಹೀಗೆ ಹುಟ್ಟುವ ಕೋಶಗಳಿಗೆ ಮೀರೋಝೋಯಿಟ್ ಎಂದು ಹೆಸರು. ಆಕ್ಟೋಪಸ್ ಆ ಏಡಿಯನ್ನು ತಿಂದಾಗ ಮೀರೋಝೋಯಿಟ್‌ಗಳು ಅದರ ಕರುಳಿನ ಗೋಡೆಗೆ ಇಳಿದು ಗಂಡು, ಹೆಣ್ಣು ರೂಪ ತಾಳುತ್ತವೆ. ಎರಡೂ ಕೂಡಿದ ಮೇಲೆ ಊಸಿಸ್ಟ್ ಬೆಳೆಯುತ್ತದೆ. ಅದೇ ಆ ಬಿಳಿ ಚುಕ್ಕೆ. ಊಸಿಸ್ಟ್ ಒಳಗೆ ಗಟ್ಟಿ ಗೋಡೆಯ ಸ್ಪೋರೋಸಿಸ್ಟ್‌ಗಳು, ಪ್ರತಿ ಸ್ಪೋರೋಸಿಸ್ಟ್ ಒಳಗೆ ಸುರುಳಿಕೊಂಡ ಸ್ಪೋರೋಝೋಯಿಟ್‌ಗಳು. ಊಸಿಸ್ಟ್ ಒಡೆದು ಸ್ಪೋರೋಸಿಸ್ಟ್‌ಗಳು ಮಲದೊಂದಿಗೆ ಸಮುದ್ರದ ತಳ ಸೇರುತ್ತವೆ, ಮತ್ತೊಂದು ಏಡಿ ಅವನ್ನು ನುಂಗುತ್ತದೆ. ಮಲೇರಿಯಾ ಪರಾವಲಂಬಿಯ ಲಿಂಗ ಕೂಟ ನಡೆಯುವುದು ಸೊಳ್ಳೆಯಲ್ಲಿ. ಆ ಲೆಕ್ಕದಲ್ಲಿ ಇಲ್ಲಿ ಆಕ್ಟೋಪಸ್ ಸೊಳ್ಳೆಯ ಜಾಗದಲ್ಲಿದೆ, ಏಡಿ ನಮ್ಮ ಜಾಗದಲ್ಲಿದೆ.

ಈ ಎರಡು ಮನೆಗಳ ನಂಟು ಗೊತ್ತಾಗಲು ಮೂವತ್ತು ವರ್ಷ ಹಿಡಿಯಿತು. 1875ರಲ್ಲಿ ಜೀವವಿಜ್ಞಾನಿ ಷ್ನೈಡರ್ ಆಕ್ಟೋಪಸ್‌ನಲ್ಲಿ ಕಂಡದ್ದಕ್ಕೆ ಒಂದು ಹೆಸರಿಟ್ಟರು. 1885ರಲ್ಲಿ ಫ್ರೆಂಜೆಲ್ ಏಡಿಯ ಕರುಳಿನಲ್ಲಿ ಕಂಡದ್ದನ್ನು ಗ್ರೆಗರೈನ್ ಎಂಬ ಬೇರೆಯದೇ ಗುಂಪಿನ ಜೀವಿ ಎಂದು ತಿಳಿದು ಅಗ್ರಿಗೇಟಾ ಎಂದು ಕರೆದರು. ಎರಡೂ ಒಂದೇ ಜೀವಿಯ ಎರಡು ಹಂತಗಳು ಎಂದು 1906ರಲ್ಲಿ ಫ್ರಾನ್ಸಿನ ಲೆಜೆ ಮತ್ತು ದ್ಯುಬಾಸ್ಕ್ ತೋರಿಸಿದರು. ಅವರು ಕೆಲಸ ಮಾಡಿದ್ದು ಆಕ್ಟೋಪಸ್‌ನ ನೆಂಟನಾದ ಕಟ್ಲ್‌ಫಿಶ್‌ನ ಪರಾವಲಂಬಿ ಅಗ್ರಿಗೇಟಾ ಎಬರ್ತಿ ಮೇಲೆ. ಅದರ ಇನ್ನೊಂದು ಮನೆ ಈಜುವ ಏಡಿ. ಅದೇ ಪ್ರಭೇದವನ್ನು ಹಿಡಿದು ಇಂಗ್ಲೆಂಡಿನ ಕ್ಲಿಫರ್ಡ್ ಡೋಬೆಲ್ 1925ರಲ್ಲಿ ನೂರಕ್ಕೂ ಹೆಚ್ಚು ಪುಟಗಳ ಪ್ರಬಂಧ ಪ್ರಕಟಿಸಿದರು. ಕ್ರೋಮೋಸೋಮುಗಳನ್ನು ಹಂತಹಂತವಾಗಿ ಎಣಿಸಿ, ಜೀವನಚಕ್ರದುದ್ದಕ್ಕೂ 6 ಇರುವ ಸಂಖ್ಯೆ ಗಂಡು ಹೆಣ್ಣು ಕೂಡಿದ ಕೋಶದಲ್ಲಿ ಮಾತ್ರ 12 ಆಗುತ್ತದೆ, ಅದರ ಮೊದಲ ವಿಭಜನೆಯಲ್ಲೇ ಮತ್ತೆ 6ಕ್ಕೆ ಇಳಿಯುತ್ತದೆ ಎಂದು ಸ್ಥಾಪಿಸಿದರು. ಬಣ್ಣ ಹಚ್ಚಿದ ಸ್ಲೈಡು, ಎಣ್ಣೆ ಆಬ್ಜೆಕ್ಟಿವ್ (ಸ್ಲೈಡಿಗೂ ತನಗೂ ನಡುವೆ ಎಣ್ಣೆಯ ಹನಿ ಬೇಡುವ ಮಸೂರ), ತಾಳ್ಮೆ ಬಿಟ್ಟರೆ ಬೇರೆ ಉಪಕರಣ ಅವರ ಬಳಿ ಇರಲಿಲ್ಲ.

ಅಗ್ರಿಗೇಟಾ ಕುಲದ ಪ್ರಭೇದಗಳನ್ನು ಬೇರ್ಪಡಿಸುವ ಲಕ್ಷಣಗಳಲ್ಲಿ ಮುಖ್ಯವಾದವು ಮೂರು: ಸ್ಪೋರೋಸಿಸ್ಟ್‌ನ ವ್ಯಾಸ, ಅದರ ಗೋಡೆಯ ಮೇಲ್ಮೈ, ಒಳಗಿರುವ ಸ್ಪೋರೋಝೋಯಿಟ್‌ಗಳ ಸಂಖ್ಯೆ. ಆಕ್ಟೋಪಸ್‌ನ ಆಕ್ಟೋಪಿಯಾನಾದ್ದು 12ರಿಂದ 15 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಆಸುಪಾಸಿನ, ಮುಳ್ಳುಮುಳ್ಳಾದ ಗೋಡೆಯ ಸ್ಪೋರೋಸಿಸ್ಟ್. ಒಳಗೆ 8 ಸ್ಪೋರೋಝೋಯಿಟ್. ಕಟ್ಲ್‌ಫಿಶ್‌ನ ಎಬರ್ತಿಯದ್ದು ಅದಕ್ಕಿಂತ ಚಿಕ್ಕದು, ಗೋಡೆ ನಯ, ಒಳಗೆ 3. ಮೂರೂ ಲಕ್ಷಣಗಳನ್ನು ಒಂದೇ ತಯಾರಿಕೆಯಲ್ಲಿ ಸರಿಯಾಗಿ ಅಳೆಯಲು ಆಗುವುದಿಲ್ಲ. ಈ ಕೆಲಸದ ತೊಡಕೆಲ್ಲ ಇರುವುದು ಇಲ್ಲೇ. ಹಸಿ ಸ್ಲೈಡಿನಲ್ಲಿ ವ್ಯಾಸ ಸರಿಯಾಗಿ ಸಿಗುತ್ತದೆ, ಮುಳ್ಳು ಸ್ಪಷ್ಟವಾಗದು. ಅಂಗಾಂಶದ ಕಡಿತಗಳಲ್ಲಿ, ಅಂದರೆ ತೆಳ್ಳಗೆ ಕತ್ತರಿಸಿದ ಹಾಳೆಗಳಲ್ಲಿ, ರೋಗದ ಹಾನಿ ಕಾಣುತ್ತದೆ, ವ್ಯಾಸ ತಪ್ಪಾಗುತ್ತದೆ. ಒಂದೇ ವಿಧಾನ ಹಿಡಿದು ಪ್ರಭೇದದ ಹೆಸರು ಬರೆದ ವರದಿಯನ್ನು ಅನುಮಾನದಿಂದಲೇ ಓದಬೇಕು.

ಮಾದರಿ ಕೈಗೆ ಬಂದಾಗ

ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಪ್ರಾಣಿ ಸತ್ತು ಎಷ್ಟು ಹೊತ್ತಾಯಿತು ಎಂಬುದು. ಆಕ್ಟೋಪಸ್‌ನ ಜೀರ್ಣರಸ ಬಹಳ ಚುರುಕು. ಸತ್ತ ಕೆಲವೇ ಗಂಟೆಗಳಲ್ಲಿ ಕರುಳು ತನ್ನನ್ನು ತಾನೇ ಕರಗಿಸಿಕೊಳ್ಳಲು ಶುರುಮಾಡುತ್ತದೆ. ಮಂಜುಗಡ್ಡೆಯಲ್ಲಿಟ್ಟರೆ ಇದು ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಫ್ರೀಜರ್‌ನಲ್ಲಿಟ್ಟರೆ ಕೋಶಗಳೊಳಗೆ ಹರಳುಗಟ್ಟಿದ ನೀರು ಪೊರೆಗಳನ್ನು ಹರಿದುಹಾಕುತ್ತದೆ. ಗಂಡು ಹೆಣ್ಣು ರೂಪಗಳು, ಎಳೆಯ ಊಸಿಸ್ಟ್‌ಗಳು ಗುರುತು ಸಿಗದಷ್ಟು ಹಾಳಾಗುತ್ತವೆ. ಗಟ್ಟಿ ಗೋಡೆಯ ಸ್ಪೋರೋಸಿಸ್ಟ್ ಮಾತ್ರ ಉಳಿಯುತ್ತದೆ. ಮಂಗಳೂರು, ಮಲ್ಪೆಯ ಧಕ್ಕೆಗೆ ಹಲವು ದಿನಗಳ ಮೀನುಗಾರಿಕೆ ಮುಗಿಸಿ ಬರುವ ಟ್ರಾಲರ್‌ಗಳ ಬೊಂಡಾಸ್ (ಸ್ಕ್ವಿಡ್), ಕಪ್ಪೆ ಬೊಂಡಾಸ್ (ಕಟ್ಲ್‌ಫಿಶ್), ಆಕ್ಟೋಪಸ್ ಪರೀಕ್ಷಿಸುವವರಿಗೂ ಇದೇ ಮಿತಿ: ಸ್ಪೋರೋಸಿಸ್ಟ್ ಇದೆಯೇ ಇಲ್ಲವೇ ಎಂದು ಹೇಳಬಹುದು, ಕರುಳಿಗೆ ಆದ ಹಾನಿಯ ಬಗ್ಗೆ ಏನೂ ಹೇಳಲಾಗದು.

ಜೀವಂತ ಪ್ರಾಣಿ ಬೇಕೇ ಬೇಕು ಎನ್ನುವ ಅಧ್ಯಯನಕ್ಕೆ ಯುರೋಪಿನಲ್ಲಿ ಅನುಮತಿ ಪಡೆಯಬೇಕು. ಪ್ರಯೋಗಪ್ರಾಣಿಗಳ ರಕ್ಷಣೆಗಾಗಿ 2010ರಲ್ಲಿ ಬಂದ ಯುರೋಪಿಯನ್ ಒಕ್ಕೂಟದ ನಿರ್ದೇಶನ ಬೆನ್ನೆಲುಬಿಲ್ಲದ ಪ್ರಾಣಿಗಳ ಪೈಕಿ ಆಕ್ಟೋಪಸ್, ಬೊಂಡಾಸ್ ವರ್ಗವನ್ನು ಮಾತ್ರ ಒಳಗೊಂಡಿದೆ. ಅರಿವಳಿಕೆಗೆ ಸಾಮಾನ್ಯವಾಗಿ ಬಳಸುವುದು ಮೆಗ್ನೀಸಿಯಂ ಕ್ಲೋರೈಡ್. ನೀರುಳ್ಳ ಹರಳು 75 ಗ್ರಾಂ ತೂಗಿ 1 ಲೀಟರ್ ಶುದ್ಧ ನೀರಿನಲ್ಲಿ ಕರಗಿಸಿ, ಅಷ್ಟೇ ಅಳತೆಯ ಸಮುದ್ರದ ನೀರಿಗೆ ಬೆರೆಸುತ್ತಾರೆ. ಉಸಿರಾಟದ ಚಲನೆ ನಿಂತು, ಮೈ ಬಿಳಚಿ, ತೋಳಿನ ತುದಿ ಚಿವುಟಿದರೂ ಅಲುಗದ ಸ್ಥಿತಿ ಬಂದ ಮೇಲೆ ಮಿದುಳನ್ನು ನಾಶಮಾಡಿ ಛೇದನ ಶುರು.

ಮ್ಯಾಂಟಲ್ ಎಂಬ ಹೊರಚೀಲವನ್ನು ಕತ್ತರಿಯಿಂದ ಉದ್ದಕ್ಕೆ ತೆರೆಯಿರಿ, ಕತ್ತರಿಯ ತುದಿ ಯಾವಾಗಲೂ ಮೇಲ್ಮುಖವಾಗಿರಲಿ. ಮಸಿಚೀಲ ಜೀರ್ಣಗ್ರಂಥಿಯಲ್ಲಿ ಹುದುಗಿರುತ್ತದೆ, ಒಂದು ಸಣ್ಣ ಗೀರು ಬಿದ್ದರೂ ಸಾಕು, ಮುಂದಿನ ಎಲ್ಲ ಸ್ಲೈಡುಗಳಲ್ಲೂ ಕಪ್ಪು ಧೂಳು. ಆ ಕಣಗಳು ಒಂದು ಮೈಕ್ರಾನ್‌ಗಿಂತ ಚಿಕ್ಕವು, ತೊಳೆದರೆ ಪೂರ್ತಿ ಹೋಗುವುದಿಲ್ಲ. ಮಸಿನಾಳವನ್ನು ದಾರದಿಂದ ಕಟ್ಟಿಕೊಂಡೇ ಮುಂದುವರಿಯುವುದು ಒಳ್ಳೆಯದು. ಆಮೇಲೆ ಅನ್ನನಾಳ, ಗಂಟಲಚೀಲ, ಜಠರ, ಅದರ ಪಕ್ಕದ ಸೀಕಮ್ ಎಂಬ ಸುರುಳಿಯಾಕಾರದ ಚೀಲ, ಕರುಳು ಇಷ್ಟನ್ನೂ ಕೂಡಿಯೇ ಹೊರತೆಗೆದು, ಶೋಧಿಸಿದ ಸಮುದ್ರದ ನೀರು ತುಂಬಿದ ತಟ್ಟೆಯಲ್ಲಿ ಹರಡಬೇಕು. ಸೀಕಮ್ ಮತ್ತು ಕರುಳು ಪರಾವಲಂಬಿಯ ಮುಖ್ಯ ನೆಲೆ. ಸೋಂಕು ಜೋರಾದಾಗ ಗಂಟಲಚೀಲ, ಅನ್ನನಾಳಕ್ಕೂ, ಕಡೆಗೆ ಕಿವಿರುಗಳಿಗೂ ಹರಡುತ್ತದೆ. ಹಾಗಾಗಿ ಸೀಕಮ್ ಒಂದನ್ನೇ ನೋಡಿ ಮುಗಿಸಬಾರದು.

10ರಿಂದ 40 ಪಟ್ಟು ಹಿಗ್ಗಿಸುವ ಸ್ಟೀರಿಯೋ ಸೂಕ್ಷ್ಮದರ್ಶಕದಡಿ ಚುಕ್ಕೆಗಳ ನೆಲೆ ಗುರುತಿಸಿಕೊಳ್ಳಿ. ಬಿಳಿ ಎಂದ ಮಾತ್ರಕ್ಕೆ ಅಗ್ರಿಗೇಟಾ ಅಲ್ಲ: ಕೊಬ್ಬಿನ ಉಂಡೆ, ಹುಳುವಿನ ಮರಿ ಅಡಗಿದ ಚೀಲ, ಜೀರ್ಣವಾಗದ ಏಡಿಯ ಸ್ನಾಯು ಕೂಡ ಬಿಳಿಯೇ. ಊಸಿಸ್ಟ್ ಗೋಡೆಯೊಳಗೆ ಕೂತಿರುತ್ತದೆ, ಸೂಜಿಯಿಂದ ದೂಡಿದರೆ ಜಾರುವುದಿಲ್ಲ. ಚುಚ್ಚಿದರೆ ಹಾಲಿನಂಥ ದ್ರವ ಹೊರಬಂದು ನೀರಿನಲ್ಲಿ ಮೋಡದಂತೆ ಹರಡುತ್ತದೆ. ಆ ಹಾಲಿನ ಹನಿಯೇ ಮುಂದಿನ ಸ್ಲೈಡಿಗೆ ಬೇಕಾದ ವಸ್ತು.

ಹಸಿ ಸ್ಲೈಡ್

ಅಕ್ಕಿಕಾಳಿನಷ್ಟೂ ಬೇಡ, 1ರಿಂದ 2 ಮಿಲಿಮೀಟರ್ ತುಂಡು ಸಾಕು. ಶೋಧಿಸಿದ ಸಮುದ್ರದ ನೀರಿನ ಒಂದು ಹನಿಯಲ್ಲಿಟ್ಟು, ಕವರ್ ಸ್ಲಿಪ್ ಮುಚ್ಚಿ, ಮೇಲಿಂದ ಬೆರಳಿನಿಂದ ಹಗುರವಾಗಿ ಒತ್ತಿ. ಇಲ್ಲಿ ನಲ್ಲಿನೀರನ್ನೂ ಡಿಸ್ಟಿಲ್ಡ್ ವಾಟರನ್ನೂ ಮುಟ್ಟಬೇಡಿ. ಆಕ್ಟೋಪಸ್‌ನ ರಕ್ತದಲ್ಲಿ ಕರಗಿದ ವಸ್ತುಗಳ ಸಾಂದ್ರತೆ ಸಮುದ್ರದ ನೀರಿಗೆ ಸಮ, ಮನುಷ್ಯರ ರಕ್ತದ ಮೂರು ಪಟ್ಟಿಗೂ ಹೆಚ್ಚು. ಸಿಹಿನೀರು ತಗುಲಿದ ಕ್ಷಣ ಗೋಡೆಯಿಲ್ಲದ ಹಂತಗಳೆಲ್ಲ ಉಬ್ಬಿ ಒಡೆಯುತ್ತವೆ. ಆಸ್ಪತ್ರೆಯ ಸಲೈನ್ ಕೂಡ ಇಲ್ಲಿ ಸಿಹಿನೀರಿನ ಲೆಕ್ಕವೇ. ಎಲ್ಲವೂ ಸರಿಯಿದ್ದಂತೆ ಕಂಡು ಗಂಡು ಕೋಶಗಳು ಮಾತ್ರ ಎಲ್ಲೂ ಕಾಣದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಹನಿಯ ನೀರನ್ನು.

ಮೊದಲು 10 ಪಟ್ಟಿನ ಆಬ್ಜೆಕ್ಟಿವ್, ಆಮೇಲೆ 40, ಕೊನೆಗೆ ಎಣ್ಣೆಯೊಂದಿಗೆ 100. ಬಣ್ಣ ಹಚ್ಚದ ಕೋಶ ಪಾರದರ್ಶಕ. ಸ್ಲೈಡಿನಡಿ ಬೆಳಕು ಕೂಡಿಸುವ ಕಂಡೆನ್ಸರ್‌ನ ಕಿಂಡಿಯನ್ನು ಅರ್ಧಕ್ಕಿಂತ ಹೆಚ್ಚು ಮುಚ್ಚಿದರೆ ಅಂಚುಗಳು ಎದ್ದು ಕಾಣುತ್ತವೆ. ಆದರೆ ತೀರಾ ಮುಚ್ಚಿದರೆ ಪ್ರತಿ ಅಂಚಿನ ಸುತ್ತ ಸುಳ್ಳು ಉಂಗುರಗಳು ಹುಟ್ಟಿ, ನಯವಾದ ಗೋಡೆಯೂ ಮುಳ್ಳಿನಂತೆ ಕಾಣಬಹುದು. ಬಣ್ಣವಿಲ್ಲದ ಕೋಶವನ್ನೂ ಎದ್ದು ತೋರಿಸುವ ಫೇಸ್ ಕಾಂಟ್ರಾಸ್ಟ್ ಇದ್ದರೆ ಕಿಂಡಿ ಮುಚ್ಚಬೇಕಿಲ್ಲ, ಆದರೆ ಅದರಲ್ಲೂ ಅಂಚಿನ ಸುತ್ತ ಬೆಳಕಿನ ಉಂಗುರ ಕಾಣುತ್ತದೆ. ಮೇಲ್ಮೈ ಉಬ್ಬುತಗ್ಗಾಗಿ ಕಾಣಿಸುವ ಡಿಐಸಿ ವ್ಯವಸ್ಥೆ ಇದ್ದರೆ ಇನ್ನೂ ಚೆನ್ನ. 40ರ ಆಬ್ಜೆಕ್ಟಿವ್‌ನ ಬೆಳಕು ಹಿಡಿಯುವ ಅಳತೆ ಸಾಮಾನ್ಯವಾಗಿ 0.65. ಹಸಿರು ಬೆಳಕಿನಲ್ಲಿ ಅದು ಬೇರ್ಪಡಿಸಿ ತೋರಿಸುವ ಕನಿಷ್ಠ ಅಂತರ ಸುಮಾರು ಅರ್ಧ ಮೈಕ್ರಾನ್. ಎಣ್ಣೆ ಆಬ್ಜೆಕ್ಟಿವ್‌ನದು 1.3 ಇದ್ದರೆ ಕಾಲು ಮೈಕ್ರಾನ್. ಗೋಡೆಯ ಮುಳ್ಳುಗಳು ಈ ಮಿತಿಯ ಅಂಚಿನಲ್ಲೇ ಇರುವುದರಿಂದ ಎಣ್ಣೆಯಿಲ್ಲದೆ ‘ಗೋಡೆ ನಯ’ ಎಂದು ಬರೆಯುವುದು ದುಡುಕು.

ವ್ಯಾಸ ಅಳೆಯುವ ಮುನ್ನ ಐಪೀಸ್‌ನ (ಕಣ್ಣಿಡುವ ಮಸೂರದ) ಅಳತೆಪಟ್ಟಿಯನ್ನು ಪ್ರತಿ ಆಬ್ಜೆಕ್ಟಿವ್‌ಗೂ ಬೇರೆಬೇರೆಯಾಗಿ ಹೊಂದಿಸಿಕೊಳ್ಳಬೇಕು. ಸ್ಲೈಡಿನ ಜಾಗದಲ್ಲಿಡುವ ಗಾಜಿನ ಅಳತೆಪಟ್ಟಿಯಾದ ಸ್ಟೇಜ್ ಮೈಕ್ರೋಮೀಟರ್‌ನಲ್ಲಿ 1 ಮಿಲಿಮೀಟರ್ ಉದ್ದ 100 ಮನೆಗಳಾಗಿ ಹಂಚಿರುತ್ತದೆ, ಅಂದರೆ ಒಂದು ಮನೆ 10 ಮೈಕ್ರಾನ್. 40ರ ಆಬ್ಜೆಕ್ಟಿವ್‌ನಲ್ಲಿ ಐಪೀಸ್‌ನ 40 ಗೆರೆಗಳು ಸ್ಟೇಜಿನ 10 ಮನೆಗಳಿಗೆ ಸರಿಹೊಂದಿದರೆ, ಒಂದು ಗೆರೆ 2.5 ಮೈಕ್ರಾನ್. 5 ಗೆರೆಗಳಷ್ಟು ಅಗಲದ ಸ್ಪೋರೋಸಿಸ್ಟ್ 12.5 ಮೈಕ್ರಾನ್ ಆಯಿತು. ಕ್ಯಾಮೆರಾದಲ್ಲಿ ಅಳೆಯುವವರು ಚಿತ್ರದ ಗಾತ್ರ ಬದಲಿಸಿ ಉಳಿಸಿದರೆ ಅಳತೆ ಕೆಡುತ್ತದೆ. ಕ್ಯಾಮೆರಾದಿಂದ ಬಂದ ಮೂಲ ಚಿತ್ರದ ಮೇಲೆಯೇ ಅಳೆಯಬೇಕು. ಒಂದೆರಡು ಸ್ಪೋರೋಸಿಸ್ಟ್ ಅಳೆದು ಬಿಡುವುದೂ ಸರಿಯಲ್ಲ. ಕನಿಷ್ಠ 30, ಬೇರೆಬೇರೆ ಊಸಿಸ್ಟ್‌ಗಳಿಂದ ಆರಿಸಿದ್ದು ಇರಲಿ, ಮುಳ್ಳು ಸೇರಿಸಿ ಅಳೆದದ್ದೋ ಬಿಟ್ಟು ಅಳೆದದ್ದೋ ಎಂದು ಬರೆದಿಡಿ.

ಸ್ಪೋರೋಝೋಯಿಟ್ ಎಣಿಸುವುದು ಬೇರೆಯೇ ಕಸರತ್ತು. ಅವು ಒಂದರ ಮೇಲೊಂದು ಸುತ್ತಿಕೊಂಡಿರುತ್ತವೆ; ಗೋಡೆಯ ಹೊರಗಿನಿಂದ ಎಣಿಸಿದರೆ 8 ಇರುವ ಕಡೆ 5 ಎಂದು ಕಾಣುವುದು ಸಹಜ. ಕವರ್ ಸ್ಲಿಪ್‌ನ ಅಂಚಿಗೆ ಶೋಧಕ ಕಾಗದ ತಾಗಿಸಿ ನೀರನ್ನು ಸ್ವಲ್ಪಸ್ವಲ್ಪವೇ ಹೀರಿದರೆ ಒತ್ತಡ ಹೆಚ್ಚಿ ಗೋಡೆ ಬಿರಿಯುತ್ತದೆ, ಒಳಗಿನವು ಬಾಗಿದ ಎಳೆಗಳಂತೆ ಹೊರಬರುತ್ತವೆ. ಒಂದೇ ಸ್ಪೋರೋಸಿಸ್ಟ್ ಒಡೆದ ಜಾಗವನ್ನು ಆರಿಸಿ ಎಣಿಸಬೇಕು. ಎರಡು ಪಕ್ಕಪಕ್ಕ ಒಡೆದಿದ್ದರೆ ಆ ಜಾಗ ಬಿಡಿ. ಫ್ಲೋರೆಸೆನ್ಸ್ ಸೂಕ್ಷ್ಮದರ್ಶಕ ಇದ್ದಲ್ಲಿ ಡಿಎನ್‌ಎಗೆ ಅಂಟಿ ನೀಲಿಯಾಗಿ ಹೊಳೆಯುವ ಡ್ಯಾಪಿ ಬಣ್ಣ ಹಾಕಿ ನ್ಯೂಕ್ಲಿಯಸ್‌ಗಳ ನೀಲಿ ಚುಕ್ಕೆ ಎಣಿಸಬಹುದು. ಗೋಡೆ ಬಿರಿಯದ ಸ್ಪೋರೋಸಿಸ್ಟ್‌ಗೆ ಬಣ್ಣ ಒಳಹೋಗುವುದು ಕಷ್ಟ ಎಂಬುದು ನೆನಪಿರಲಿ. ಇನ್ನೂ ಬಲಿಯದ ಸ್ಪೋರೋಸಿಸ್ಟ್‌ನಲ್ಲಿ ನ್ಯೂಕ್ಲಿಯಸ್ ಒಂದೋ ಎರಡೋ ಇರುತ್ತದೆ; ಅದನ್ನು ಹೊಸ ಪ್ರಭೇದ ಎಂದುಕೊಳ್ಳಬಾರದು.

ಹಾಲಿನಂಥ ದ್ರವವನ್ನು ಸ್ಲೈಡಿನ ಮೇಲೆ ತೆಳುವಾಗಿ ಸವರಿ, ಒಣಗಿಸಿ, 5 ನಿಮಿಷ ಮೆಥನಾಲ್‌ನಲ್ಲಿಟ್ಟು, 10 ಪ್ರತಿಶತ ಜೀಮ್ಸಾ ಬಣ್ಣದಲ್ಲಿ ಅರ್ಧ ಗಂಟೆ ನೆನೆಸಿದರೆ ಶಾಶ್ವತ ಸ್ಲೈಡ್ ಸಿದ್ಧ. ಮಲೇರಿಯಾ ಪರೀಕ್ಷೆಯ ಲ್ಯಾಬಿನಲ್ಲಿ ಸಿಗುವ ಬಣ್ಣವೇ ಸಾಕು, ಅದನ್ನು ಬೆರೆಸುವ ಬಫರ್‌ನ (ಆಮ್ಲತೆ ಏರಿಳಿಯದಂತೆ ತಡೆಯುವ ದ್ರಾವಣದ) ಪಿಎಚ್ 7.2 ಇರಲಿ.

ಅಂಗಾಂಶದ ಕಡಿತ

ರೋಗ ಎಷ್ಟರಮಟ್ಟಿಗೆ ಬೆಳೆದಿದೆ ಎಂದು ತಿಳಿಯಲು ಹಿಸ್ಟಾಲಜಿಯೇ, ಅಂದರೆ ಅಂಗಾಂಶದ ಕಡಿತಗಳ ಪರೀಕ್ಷೆಯೇ, ದಾರಿ. ಸಮುದ್ರಜೀವಿಗಳ ಕೆಲಸದಲ್ಲಿ ಅಂಗಾಂಶ ಕೆಡದಂತೆ ಹಿಡಿದಿಡಲು ಹೆಚ್ಚಿನವರು ನೆಚ್ಚುವುದು ಡೇವಿಡ್‌ಸನ್ ದ್ರಾವಣ: 95 ಪ್ರತಿಶತದ ಆಲ್ಕೋಹಾಲ್ 330 ಮಿಲಿಲೀಟರ್, ಮಾರುಕಟ್ಟೆಯ ಫಾರ್ಮಾಲಿನ್ 220, ಗ್ಲೇಶಿಯಲ್ ಅಸಿಟಿಕ್ ಆಮ್ಲ 115, ನೀರು 335, ಒಟ್ಟು 1 ಲೀಟರ್. ತುಂಡಿನ ದಪ್ಪ 5 ಮಿಲಿಮೀಟರ್ ಮೀರಬಾರದು, ದ್ರಾವಣದ ಪ್ರಮಾಣ ತುಂಡಿನ ಹತ್ತು ಪಟ್ಟಾದರೂ ಇರಬೇಕು. ಸೀಕಮ್ ಅನ್ನು ಇಡಿಯಾಗಿ ಹಾಕಿದರೆ ಹೊರಪದರ ಗಟ್ಟಿಯಾಗಿ ನಡುವಿನ ಸುರುಳಿಗಳು ಕೊಳೆಯುತ್ತವೆ, ಅಡ್ಡಲಾಗಿ ಕತ್ತರಿಸಿಯೇ ಹಾಕಬೇಕು. 24 ಗಂಟೆಯ ಬಳಿಕ 70 ಪ್ರತಿಶತ ಆಲ್ಕೋಹಾಲ್‌ಗೆ ಬದಲಿಸಿ. ಆಮ್ಲದಲ್ಲಿ ದಿನಗಟ್ಟಲೆ ಬಿಟ್ಟರೆ ಅಂಗಾಂಶ ಪುಡಿಯಾಗುತ್ತದೆ, ಬಣ್ಣವೂ ಹಿಡಿಯುವುದಿಲ್ಲ. ಆಮೇಲಿನದು ಎಲ್ಲ ಲ್ಯಾಬುಗಳ ದಾರಿಯೇ: ಏರುವ ಆಲ್ಕೋಹಾಲ್, ಝೈಲೀನ್, ಪ್ಯಾರಾಫಿನ್ ಮೇಣ, 5 ಮೈಕ್ರಾನ್ ದಪ್ಪದ ಕಡಿತ, ಹೆಮಟಾಕ್ಸಿಲಿನ್ ಮತ್ತು ಇಯೋಸಿನ್ ಬಣ್ಣಗಳು.

ಒಂದೇ ಕಡಿತದಲ್ಲಿ ಎಲ್ಲ ಹಂತಗಳೂ ಕೂಡಿರುವುದು ಮಾಮೂಲು. ಹೆಣ್ಣು ರೂಪ ದೊಡ್ಡ ಗುಂಡು ಕೋಶ, ನಡುವೆ ದೊಡ್ಡ ನ್ಯೂಕ್ಲಿಯಸ್, ಅದರೊಳಗೆ ಎದ್ದು ಕಾಣುವ ನ್ಯೂಕ್ಲಿಯೋಲಸ್. ಪಿಷ್ಟದಂಥ ವಸ್ತುಗಳಿಗೆ ಹತ್ತುವ ಪಿಎಎಸ್ ಬಣ್ಣ ಹಾಕಿದರೆ ಆಹಾರವಾಗಿ ಕೂಡಿಟ್ಟ ಅಮೈಲೋಪೆಕ್ಟಿನ್ ಕಣಗಳು ಗಾಢ ಗುಲಾಬಿಯಾಗಿ ಹೊಳೆಯುತ್ತವೆ. ಗಂಡು ರೂಪದಲ್ಲಿ ನ್ಯೂಕ್ಲಿಯಸ್‌ಗಳು ನೂರಾರಾಗಿ ಅಂಚಿಗೆ ಸರಿದು ಸಾಲುಗಟ್ಟಿರುತ್ತವೆ, ಬಲಿತ ಮೇಲೆ ಕಪ್ಪು ಅಲ್ಪವಿರಾಮದಂಥ ಸಣ್ಣ ಗಂಡು ಕೋಶಗಳು. ಕೂಟದ ನಂತರದ ಕೋಶದ ಮೇಲ್ಮೈ ಒಳಕ್ಕೆ ಮಡಿಸಿಕೊಂಡು, ಆ ಮಡಿಕೆಗಳುದ್ದಕ್ಕೂ ನ್ಯೂಕ್ಲಿಯಸ್‌ಗಳು ಪೋಣಿಸಿದಂತೆ ನಿಲ್ಲುತ್ತವೆ. ಹೊಸಬರು ಇದನ್ನೇ ಗಂಡು ರೂಪ ಎಂದು ಬರೆದುಬಿಡುವುದುಂಟು. ಗಂಡಿನ ನ್ಯೂಕ್ಲಿಯಸ್ ಉದ್ದುದ್ದ, ದಟ್ಟ ಕಪ್ಪು. ಇದರದು ಗುಂಡು, ತುಸು ತಿಳಿ. ಕಡೆಯ ಹಂತದ ಸ್ಪೋರೋಸಿಸ್ಟ್‌ಗಳನ್ನು ಗುರುತಿಸಲು ಕಷ್ಟವಿಲ್ಲ.

ಆದರೆ ಇಲ್ಲಿ ವ್ಯಾಸ ಅಳೆಯಬೇಡಿ. 13 ಮೈಕ್ರಾನ್‌ನ ಗೋಳವನ್ನು ತೆಳ್ಳಗೆ ಕತ್ತರಿಸಿದಾಗ ಬ್ಲೇಡು ಎಲ್ಲ ಗೋಳಗಳನ್ನೂ ನಟ್ಟನಡುವೆ ಸೀಳುವುದಿಲ್ಲ. ಸಿಕ್ಕಸಿಕ್ಕ ಕಡೆ ಕತ್ತರಿಸಿದ ತೆಳು ಹಾಳೆಗಳಲ್ಲಿ ಕಾಣುವ ವೃತ್ತಗಳ ಸರಾಸರಿ ವ್ಯಾಸ ನಿಜವಾದದ್ದರ ಶೇಕಡ 79ರಷ್ಟು ಮಾತ್ರ ಎಂಬುದು ಜ್ಯಾಮಿತಿಯ ಲೆಕ್ಕ. 13 ಇದ್ದದ್ದು 10 ಆಗಿ ಕಾಣಬಹುದು. ಆಲ್ಕೋಹಾಲ್, ಮೇಣದಲ್ಲಿ ಅಂಗಾಂಶ ಕುಗ್ಗಿದ್ದು ಬೇರೆ. ಹಳೆಯ ವರದಿಗಳಲ್ಲಿ ಒಂದೇ ಪ್ರಭೇದಕ್ಕೆ ಹೊಂದದ ಅಳತೆಗಳು ಕಂಡಾಗ, ಯಾವುದು ಹಸಿಯಲ್ಲಿ ಅಳೆದದ್ದು, ಯಾವುದು ಕಡಿತದಲ್ಲಿ ಅಳೆದದ್ದು ಎಂದು ಮೊದಲು ಹುಡುಕಬೇಕು.

ರೋಗದ ಹಾನಿಯನ್ನೂ ಸತ್ತ ಮೇಲಿನ ಕೊಳೆತವನ್ನೂ ಬೇರ್ಪಡಿಸುವುದು ಕಡಿತ ಓದುವವರ ನಿಜವಾದ ಪರೀಕ್ಷೆ. ಎರಡರಲ್ಲೂ ಕರುಳಿನ ಒಳಪದರ ಕಿತ್ತು ಬಂದಿರುತ್ತದೆ. ಹುಣ್ಣಿನ ಸುತ್ತ ಹೀಮೋಸೈಟ್‌ಗಳು, ಅಂದರೆ ಆಕ್ಟೋಪಸ್‌ನ ರಕ್ಷಣಾ ಕೋಶಗಳು, ಗುಂಪುಗೂಡಿದ್ದರೆ ಅದು ಪ್ರಾಣಿ ಬದುಕಿದ್ದಾಗಲೇ ಆದ ಹಾನಿ. ಒಂದೂ ಹೀಮೋಸೈಟ್ ಇಲ್ಲದೆ ಪದರ ಹಾಳೆಯಂತೆ ಎದ್ದಿದ್ದು ನ್ಯೂಕ್ಲಿಯಸ್‌ಗಳೆಲ್ಲ ಮಾಸಲಾಗಿದ್ದರೆ ಅದು ತಡವಾಗಿ ದ್ರಾವಣಕ್ಕೆ ಹಾಕಿದ ತಪ್ಪು. ಪರಾವಲಂಬಿ ಕೂತ ಕೋಶ ಊದಿಕೊಂಡು ಅದರ ನ್ಯೂಕ್ಲಿಯಸ್ ಮೂಲೆಗೆ ಒತ್ತಲ್ಪಡುತ್ತದೆ. ಸೋಂಕು ಹೆಚ್ಚಿದಂತೆ ಒಳಪದರದಡಿಯ ಜೋಡಿಸುವ ಅಂಗಾಂಶದ ಜಾಗವನ್ನೆಲ್ಲ ಊಸಿಸ್ಟ್‌ಗಳೇ ಆಕ್ರಮಿಸುತ್ತವೆ. ವೀಗೋ ನಗರದ ಸಾಗರ ಸಂಶೋಧನಾ ಸಂಸ್ಥೆಯ ಕಮಿನೋ ಗೆಸ್ಟಾಲ್ ಮತ್ತು ಸಂಗಡಿಗರು 2002ರಲ್ಲಿ ಇದರ ಪರಿಣಾಮವನ್ನು ಕಿಣ್ವಗಳಲ್ಲಿ ಅಳೆದರು: ಮಾಲ್ಟೇಸ್, ಲೂಸಿನ್ ಅಮೈನೋಪೆಪ್ಟಿಡೇಸ್‌ನಂಥ ಹೀರುವಿಕೆಗೆ ಬೇಕಾದ ಕಿಣ್ವಗಳ ಕೆಲಸ ಸೋಂಕಿತ ಪ್ರಾಣಿಗಳಲ್ಲಿ ಕುಗ್ಗಿತ್ತು. ಆಕ್ಟೋಪಸ್ ಹಸಿವಿನಿಂದ ಸಾಯುವುದಿಲ್ಲ, ತಿಂದೂ ಸೊರಗುತ್ತದೆ. ಸಮುದ್ರದಲ್ಲಿ ಹಿಡಿದ ಮರಿಗಳನ್ನು ಪಂಜರಗಳಲ್ಲಿಟ್ಟು ಕೊಬ್ಬಿಸುವವರಿಗೆ ಇದು ನೇರ ನಷ್ಟ.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕ

ಗೋಡೆಯ ಮುಳ್ಳುಗಳ ವಾದ ಮುಗಿಯುವುದು ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ. ಶುದ್ಧಗೊಳಿಸಿದ ಸ್ಪೋರೋಸಿಸ್ಟ್‌ಗಳನ್ನು ಗ್ಲುಟರಾಲ್ಡಿಹೈಡ್‌ನಲ್ಲಿ ಸ್ಥಿರಗೊಳಿಸಿ, ಆಲ್ಕೋಹಾಲ್‌ನಲ್ಲಿ ನೀರು ತೆಗೆದು, ಆಕಾರ ಕುಸಿಯದಂತೆ ಒಣಗಿಸುವ ಕ್ರಿಟಿಕಲ್ ಪಾಯಿಂಟ್ ಯಂತ್ರದಲ್ಲಿ ಒಣಗಿಸಿ, ಚಿನ್ನದ ತೆಳು ಲೇಪ ಕೊಡುತ್ತಾರೆ. ಬರಿಗಾಳಿಯಲ್ಲಿ ಒಣಗಿಸಿದರೆ ಗೋಳ ಕುಸಿದು ಬಟ್ಟಲಾಗುತ್ತದೆ, ಮೇಲ್ಮೈ ಸುಕ್ಕುಗಳನ್ನು ಅಲಂಕಾರ ಎಂದು ತಪ್ಪು ತಿಳಿಯುವ ಅಪಾಯವಿದೆ. ಒಳರಚನೆಗೆ ಬೇಕಾದ ಟ್ರಾನ್ಸ್‌ಮಿಶನ್ ಸೂಕ್ಷ್ಮದರ್ಶಕದಲ್ಲಿ ತೊಂದರೆ ತಿರುವುಮುರುವು: ಯಾವ ಗೋಡೆ ಸ್ಪೋರೋಸಿಸ್ಟ್ ಅನ್ನು ಕಾಪಾಡುತ್ತದೋ ಅದೇ ಗೋಡೆ ದ್ರಾವಣವನ್ನೂ ರಾಳವನ್ನೂ ಒಳಬಿಡುವುದಿಲ್ಲ. ಕತ್ತರಿಸಿದಾಗ ಸ್ಪೋರೋಸಿಸ್ಟ್ ಇದ್ದಲ್ಲಿ ತೂತು. ಇದಕ್ಕೆ ಮದ್ದು, ರಾಳ ಇಳಿಸುವ ಹಂತವನ್ನು ಗಂಟೆಗಳಿಂದ ದಿನಗಳಿಗೆ ಹಿಗ್ಗಿಸುವುದು, ತುಂಡನ್ನು 1 ಘನ ಮಿಲಿಮೀಟರ್‌ಗೆ ಇಳಿಸುವುದು. ಬಫರ್‌ಗೆ ಸಕ್ಕರೆ ಅಥವಾ ಉಪ್ಪು ಸೇರಿಸಿ ಸಮುದ್ರದ ನೀರಿನ ಸಾಂದ್ರತೆಗೆ ತರುವುದನ್ನು ಮರೆತರೆ ಪೊರೆಗಳೆಲ್ಲ ಉಬ್ಬಿರುತ್ತವೆ. ಕ್ಯಾಕೋಡೈಲೇಟ್ ಬಫರ್‌ನಲ್ಲಿ ಆರ್ಸೆನಿಕ್ ಇದೆ. ಕೈಗವಸು ಹಾಕಿ, ಸಿಂಕಿಗೆ ಸುರಿಯಬೇಡಿ.

ಎಷ್ಟು ಇವೆ?

ಸೋಂಕಿನ ತೀವ್ರತೆಯನ್ನು ಚುಕ್ಕೆ ಎಣಿಸಿ ಹೇಳುವುದಕ್ಕಿಂತ ಸ್ಪೋರೋಸಿಸ್ಟ್ ಎಣಿಸಿ ಹೇಳುವುದು ಉತ್ತಮ. ಒಂದು ಗ್ರಾಂ ಸೀಕಮ್ ಅನ್ನು ಶೋಧಿಸಿದ ಸಮುದ್ರದ ನೀರು 10 ಮಿಲಿಲೀಟರಿನಲ್ಲಿ ಅರೆದು, ಅದಕ್ಕೆ ಸಾಬೂನಿನಂತೆ ವರ್ತಿಸುವ ಟ್ವೀನ್ 80 ಅನ್ನು 1 ಪ್ರತಿಶತ ಸೇರಿಸಿ, ನೈಲಾನ್ ಜಾಲರಿಯಲ್ಲಿ ಎರಡು ಬಾರಿ ಸೋಸಬೇಕು. ಟ್ವೀನ್ ಹಾಕದಿದ್ದರೆ ಸ್ಪೋರೋಸಿಸ್ಟ್‌ಗಳು ಒಂದಕ್ಕೊಂದು, ಟ್ಯೂಬಿನ ಗೋಡೆಗೂ ಅಂಟಿ ಎಣಿಕೆ ಕಡಿಮೆ ಬರುತ್ತದೆ. ಸಾವಿರ ಜಿ, ಅಂದರೆ ಗುರುತ್ವದ ಸಾವಿರ ಪಟ್ಟು ಬಲದಲ್ಲಿ 5 ನಿಮಿಷ ಸೆಂಟ್ರಿಫ್ಯೂಜ್ ಮಾಡಿ, ತಳದ್ದನ್ನು ಮತ್ತೆ 10 ಮಿಲಿಲೀಟರಿಗೆ ತಂದು ಚೌಕಗಳನ್ನು ಕೊರೆದ ಎಣಿಕೆಯ ಗಾಜಾದ ನ್ಯೂಬಾರ್ ಚೇಂಬರಿಗೆ ಬಿಡಿ. ನಾಲ್ಕು ಮೂಲೆಯ ದೊಡ್ಡ ಚೌಕಗಳಲ್ಲಿ 46, 52, 49, 53 ಸಿಕ್ಕಿದವು ಎನ್ನೋಣ. ಸರಾಸರಿ 50. ಒಂದು ಚೌಕದ ಮೇಲಿನ ದ್ರವ ಒಂದು ಮಿಲಿಲೀಟರಿನ ಹತ್ತು ಸಾವಿರದಲ್ಲೊಂದು ಪಾಲು. ಆದ್ದರಿಂದ ಮಿಲಿಲೀಟರಿಗೆ 5 ಲಕ್ಷ, ಒಂದು ಗ್ರಾಂ ಅಂಗಾಂಶಕ್ಕೆ 50 ಲಕ್ಷ. ಈ ವಿಧಾನ ಬಲಿತ ಸ್ಪೋರೋಸಿಸ್ಟ್ ಅನ್ನು ಮಾತ್ರ ಎಣಿಸುತ್ತದೆ. ಗಂಡು ಹೆಣ್ಣು ಹಂತದಲ್ಲೇ ಇರುವ ಹೊಸ ಸೋಂಕು ಇಲ್ಲಿ ಸೊನ್ನೆ ಎಂದು ಬರುತ್ತದೆ, ಜೊತೆಗೆ ಕಡಿತ ನೋಡಲೇಬೇಕು.

ಮೂತ್ರಚೀಲದ ನಿವಾಸಿಗಳು

ಕರುಳು ಮುಗಿದ ಮೇಲೆ ಮೂತ್ರಚೀಲಗಳ ಒಂದು ಹನಿ ದ್ರವವನ್ನೂ ಸ್ಲೈಡಿಗೆ ಹಾಕದೆ ಬಿಡಬೇಡಿ. ಅಲ್ಲಿ ಹುಳುವಿನಂತೆ ಉದ್ದವಾದ, ಮೈಯೆಲ್ಲ ಸೀಲಿಯಾ ಎಂಬ ಚಲಿಸುವ ರೋಮಗಳಿರುವ ಜೀವಿ ಈಜಾಡುತ್ತಿದ್ದರೆ ಎರಡು ಸಾಧ್ಯತೆ. ಒಂದು, ಕ್ರೋಮಿಡೀನಾ. ಇದು ಏಕಕೋಶ ಜೀವಿ. ಒಂದು ಮಿಲಿಮೀಟರ್ ಮೀರಿ ಬೆಳೆದರೂ ಒಂದೇ ಕೋಶ, ಹಿಂತುದಿಯಿಂದ ಮೊಗ್ಗು ಬಿಟ್ಟು ಮರಿಗಳನ್ನು ಕಳಚುತ್ತದೆ. ಇನ್ನೊಂದು, ಡೈಸೈಮಿಡ್. ಇದು ಬಹುಕೋಶ ಪ್ರಾಣಿ, ನಡುವಿನ ಒಂದು ಉದ್ದ ಕೋಶದ ಸುತ್ತ ಹತ್ತಿಪ್ಪತ್ತು ಹೊರಕೋಶ ಅಷ್ಟೇ. ಕಡಿಮೆ ಹಿಗ್ಗಿಕೆಯಲ್ಲಿ ಎರಡೂ ಅವಳಿಗಳಂತೆ. ಡ್ಯಾಪಿ ಹಾಕಿದರೆ ಗೊಂದಲ ಮುಗಿಯುತ್ತದೆ: ಡೈಸೈಮಿಡ್‌ನಲ್ಲಿ ಬಿಡಿಬಿಡಿ ನ್ಯೂಕ್ಲಿಯಸ್‌ಗಳು, ಕ್ರೋಮಿಡೀನಾದಲ್ಲಿ ಮೈಯುದ್ದಕ್ಕೂ ಬಲೆಯಂತೆ ಚದುರಿದ ಒಂದೇ ನ್ಯೂಕ್ಲಿಯಸ್. ಸಮುದ್ರದ ತಳದಲ್ಲಿ ಬದುಕುವ ಆಕ್ಟೋಪಸ್‌ನಲ್ಲಿ ಸಿಗುವುದು ಹೆಚ್ಚಾಗಿ ಡೈಸೈಮಿಡ್. ತೆರೆದ ಸಮುದ್ರದಲ್ಲಿ ಈಜುವ ಜಾತಿಗಳಲ್ಲಿ ಕ್ರೋಮಿಡೀನಾ. ಸೀಲಿಯಾಗಳ ಸಾಲು ಎಣಿಸಲು ಬೆಳ್ಳಿಯ ಲವಣದಿಂದ ಬಣ್ಣ ಹಚ್ಚುವ ವಿಧಾನವೇ ಬೇಕು, ಸಾಮಾನ್ಯ ಬಣ್ಣಗಳು ಸಾಲದು.

ಏಡಿ ಮತ್ತು ಡಿಎನ್‌ಎ

ಏಡಿಯಲ್ಲಿ ಹುಡುಕುವವರು ಕರುಳಿನ ಒಳಗನ್ನಲ್ಲ, ಹೊರಗೋಡೆಯನ್ನು ನೋಡಬೇಕು. ಪರಾವಲಂಬಿ ಒಳಪದರ ದಾಟಿ ಅದರಾಚೆಯ ಅಂಗಾಂಶದಲ್ಲಿ ಬೆಳೆಯುತ್ತದೆ. ಇಲ್ಲಿ ಗಟ್ಟಿ ಗೋಡೆಯ ಹಂತವೇ ಇಲ್ಲದ್ದರಿಂದ ಕಣ್ಣಳತೆಯಲ್ಲಿ ಪ್ರಭೇದ ಹೇಳಲಾಗದು. ಪ್ರಭೇದಗಳನ್ನು ಹೋಲಿಸಲು ಬಳಸುವ 18ಎಸ್ ಎಂಬ ಜೀನಿನ ಅನುಕ್ರಮವನ್ನು ಆಕ್ಟೋಪಸ್‌ನಲ್ಲಿ ಸಿಕ್ಕ ಸ್ಪೋರೋಸಿಸ್ಟ್‌ನದ್ದಕ್ಕೆ ಹೋಲಿಸುವುದೊಂದೇ ಮಾರ್ಗ.

ಡಿಎನ್‌ಎ ಕೆಲಸದಲ್ಲಿ ಪದೇಪದೇ ಕೈಕೊಡುವುದು ಎರಡು ಕಡೆ. ಗೋಡೆ ಒಡೆಯದೆ ಡಿಎನ್‌ಎ ಹೊರಬರುವುದಿಲ್ಲ. ಗಾಜಿನ ಮಣಿಗಳೊಂದಿಗೆ ಜೋರಾಗಿ ಅಲುಗಿಸಿ ಅಥವಾ ಹಲವು ಬಾರಿ ಹೆಪ್ಪುಗಟ್ಟಿಸಿ ಕರಗಿಸಿ ಒಡೆಯಬೇಕು. ಪಿಸಿಆರ್‌ನಲ್ಲಿ, ಅಂದರೆ ಡಿಎನ್‌ಎ ತುಣುಕಿನ ಪ್ರತಿಗಳನ್ನು ಹೆಚ್ಚಿಸುವ ವಿಧಾನದಲ್ಲಿ, ಎಲ್ಲ ಜೀವಿಗಳಿಗೂ ಹೊಂದುವ ಪ್ರೈಮರ್ (ಪ್ರತಿ ಶುರುವಾಗುವ ಜಾಗ ಗುರುತಿಸುವ ಚಿಕ್ಕ ಡಿಎನ್‌ಎ ತುಂಡು) ಬಳಸಿದರೆ ಪರಾವಲಂಬಿಯದಲ್ಲ, ಆಕ್ಟೋಪಸ್‌ನದೇ ಜೀನು ಬಂದು ಕೂರುತ್ತದೆ. ಸ್ಪೋರೋಸಿಸ್ಟ್‌ಗಳನ್ನು ಮೊದಲು ಶುದ್ಧಗೊಳಿಸಿ, ಇಲ್ಲವೇ ಈ ಗುಂಪಿಗೆಂದೇ ಆರಿಸಿದ ಪ್ರೈಮರ್ ಬಳಸಿ. ಜೆಲ್‌ನಲ್ಲಿ ಡಿಎನ್‌ಎ ಪಟ್ಟಿ ಬರಲೇ ಇಲ್ಲವೆಂದಾದರೆ ಡಿಎನ್‌ಎಯನ್ನು ಹತ್ತು ಪಟ್ಟು ತೆಳುವಾಗಿಸಿ ಮತ್ತೊಮ್ಮೆ ನೋಡಿ, ಆಕ್ಟೋಪಸ್‌ನ ಲೋಳೆ ಪಿಸಿಆರ್‌ಗೆ ಅಡ್ಡಿಮಾಡುತ್ತದೆ. ಇತ್ತೀಚಿನ ದಶಕಗಳ ಹೊಸ ಪ್ರಭೇದಗಳಲ್ಲಿ ರೂಪ ಮತ್ತು ಜೀನು ಎರಡನ್ನೂ ಕೂಡಿಸಿ ವರ್ಣಿಸುವ ಪದ್ಧತಿ ಬೇರೂರಿದೆ. ಪೆಸಿಫಿಕ್‌ನ ದೈತ್ಯ ಆಕ್ಟೋಪಸ್‌ನ ಪರಾವಲಂಬಿಗೆ 1992ರಲ್ಲಿ ಡೋಬೆಲ್ ನೆನಪಿಗೆ ಅಗ್ರಿಗೇಟಾ ಡೋಬೆಲಿ ಎಂದು ಹೆಸರಿಟ್ಟಾಗ ಕೈಯಲ್ಲಿದ್ದದ್ದು ರೂಪ ಮಾತ್ರ. 2010ರಲ್ಲಿ ವರ್ಣಿಸಿದ ಅಗ್ರಿಗೇಟಾ ಬ್ಯಾಥಿಥರ್ಮಾ ಸಿಕ್ಕಿದ್ದು ಸಾಗರತಳದ ಬಿಸಿನೀರಿನ ಬುಗ್ಗೆಗಳ ಬಳಿ ಬಾಳುವ ಆಕ್ಟೋಪಸ್‌ನಲ್ಲಿ. ಸೂರ್ಯನ ಬೆಳಕು ಇಳಿಯದ ಆ ಆಳದಲ್ಲೂ ಏಡಿಗಳಿವೆ, ಚಕ್ರ ನಡೆಯುತ್ತದೆ.

ಒಂದೇ ಸೀಕಮ್ ಅನ್ನು ಮೂರು ಪಾಲು ಮಾಡಿಟ್ಟುಕೊಳ್ಳಿ: ಡೇವಿಡ್‌ಸನ್‌ನಲ್ಲಿ ಒಂದು, ಗ್ಲುಟರಾಲ್ಡಿಹೈಡ್‌ನಲ್ಲಿ ಒಂದು, ಶುದ್ಧ ಆಲ್ಕೋಹಾಲ್‌ನಲ್ಲಿ ಒಂದು. ಫಾರ್ಮಾಲಿನ್ ತಗುಲಿದ ತುಂಡಿನಿಂದ ಒಳ್ಳೆಯ ಡಿಎನ್‌ಎ ನಿರೀಕ್ಷಿಸಬೇಡಿ. ಬಾಟಲಿಯೊಳಗೆ ಹಾಕುವ ಚೀಟಿಯಲ್ಲಿ ಆತಿಥೇಯದ ಪ್ರಭೇದ, ಲಿಂಗ, ಮ್ಯಾಂಟಲ್ ಉದ್ದ, ಅಂಗ, ಹಿಡಿದ ಜಾಗ, ದಿನಾಂಕ, ದ್ರಾವಣ ಇಷ್ಟನ್ನೂ ಪೆನ್ಸಿಲ್‌ನಲ್ಲೇ ಬರೆಯಿರಿ. ಪೆನ್ನಿನ ಶಾಯಿ ಆಲ್ಕೋಹಾಲ್‌ನಲ್ಲಿ ಕರಗಿಹೋಗುತ್ತದೆ.